ಬಾಗಿಲಿಗೆ ಬೀಗ ಹಾಕಿದಿರಿ, ಕಂಪ್ಯೂಟರಿಗೆ?



ರಾತ್ರಿ ಮಲಗುವ ಮುಂಚೆ ನೀವು ಏನೇನು ಮಾಡುತ್ತೀರಿ? ಗ್ಯಾಸ್ ಬಂದ್ ಮಾಡುತ್ತೀರಿ. ಹಿಂಬಾಗಿಲಿನ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಒಮ್ಮೆ ಎಳೆದು ನೋಡುತ್ತೀರಿ. ಕಪಾಟಿನ ಬೀಗದ ಕೈಯನ್ನು ಅದರ ಜಾಗದಲ್ಲಿಡುತ್ತೀರಿ. ಅಷ್ಟಾದ ಮೇಲೆಯೇ ನಿಮಗೆ ನಿದ್ದೆ. ಆದರೆ ಹಾಲ್‌ನ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿರುವ ಆ ಕಂಪ್ಯೂಟರಿನ ನೆನಪು ನಿಮಗೆ ಬರುತ್ತದೆಯೇ?

ಸ್ವಲ್ಪ ಯೋಚಿಸಿ. ಗಲ್ಫ್‌ನಲ್ಲಿರುವ ಯಜಮಾನರ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ ಅದರಲ್ಲಿದೆ. ಮನೆಮಂದಿಯೆಲ್ಲರ ಆಧಾರ್ ಇದೆ. ಮಗಳ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಜಾಗದ ಪತ್ರ, ಮದುವೆಯ ಫೋಟೋಗಳು ಎಲ್ಲವೂ ಇವೆ. ಕಪಾಟಿನಲ್ಲಿರುವ ಚಿನ್ನಕ್ಕಿಂತ ಇವುಗಳ ಬೆಲೆ ಕಡಿಮೆಯೇ? ಚಿನ್ನ ಹೋದರೆ ಇಂದಲ್ಲ ನಾಳೆ ಮತ್ತೆ ಕೊಳ್ಳಬಹುದು. ತೀರಿಹೋದವರ ಫೋಟೋ ಹೋದರೆ ಅದನ್ನು ಯಾವ ಅಂಗಡಿಯಲ್ಲಿ ಕೊಳ್ಳುತ್ತೀರಿ?

ಇದನ್ನು ನಾನು ಬಾಯಿಮಾತಿಗೆ ಹೇಳುತ್ತಿಲ್ಲ. ಕಳೆದುಕೊಂಡವಳಾಗಿ ಹೇಳುತ್ತಿದ್ದೇನೆ.

ನಮ್ಮ ಮನೆಯಲ್ಲಿ ನಡೆದದ್ದು

ನಾನು ಕಂಪ್ಯೂಟರ್ ವಿಜ್ಞಾನ ಕಲಿತವಳಲ್ಲ. ಮದ್ರಸದಲ್ಲಿ ಓದಿ, ಆಮೇಲೆ ಬಿ.ಎ. ಮಾಡಿದ ಒಬ್ಬ ಅಧ್ಯಾಪಿಕೆ. ಪ್ರಶ್ನೆಪತ್ರಿಕೆ ಟೈಪ್ ಮಾಡಲೆಂದು ಕಂಪ್ಯೂಟರ್ ಮನೆಗೆ ಬಂತು. ನಂತರ ಅದು ನಮ್ಮ ಕುಟುಂಬದ ಪೆಟ್ಟಿಗೆಯಾಯಿತು. ಹನ್ನೊಂದು ವರ್ಷಗಳ ಫೋಟೋಗಳು, ಮಕ್ಕಳ ಮೊದಲ ಹೆಜ್ಜೆಯ ವೀಡಿಯೋ, ನಮ್ಮ ಉಮ್ಮ ಈದ್‌ನ ದಿನ ಅಂಗಳದಲ್ಲಿ ಮೊಮ್ಮಕ್ಕಳ ನಡುವೆ ಕುಳಿತ ಚಿತ್ರ, ಎಲ್ಲವೂ ಅದರೊಳಗೆ ಸೇರಿದವು.

2019ರ ಬೇಸಿಗೆ ರಜೆ. ಪಿಯುಸಿ ಓದುತ್ತಿದ್ದ ಅಕ್ಕನ ಮಗ ನಮ್ಮಲ್ಲಿಗೆ ಬಂದಿದ್ದ. ಫೋಟೋಗಳನ್ನು ಚೆಂದ ಮಾಡುವ ಒಂದು ಸಾಫ್ಟ್‌ವೇರ್ ಅವನಿಗೆ ಬೇಕಿತ್ತು. ಹಣ ಕೊಟ್ಟು ಕೊಳ್ಳಬೇಕಾದ ಅದನ್ನು ಇಂಟರ್‌ನೆಟ್‌ನಲ್ಲಿ ಯಾರೋ ಪುಕ್ಕಟೆಯಾಗಿ ಇಟ್ಟಿದ್ದರು. ‘ಇನ್‌ಸ್ಟಾಲ್ ಮಾಡುವ ಮುಂಚೆ ಆಂಟಿವೈರಸ್ ಆಫ್ ಮಾಡಿ’ ಎಂದು ಅಲ್ಲಿ ಬರೆದಿತ್ತು. ಅವನು ಆಫ್ ಮಾಡಿದ. ಮನೆಯ ಕಾವಲುಗಾರನನ್ನು ಕಳಿಸಿಬಿಟ್ಟರೆ ಮಾತ್ರ ಒಳಗೆ ಬರುತ್ತೇನೆ ಎನ್ನುವ ಅತಿಥಿ ಎಂಥವನು ಎಂದು ಆ ಹುಡುಗನಿಗೆ ಹೊಳೆಯಲಿಲ್ಲ. ಅವನನ್ನು ಏನೆನ್ನಲಿ? ನಾನೇ ಪಕ್ಕದಲ್ಲಿದ್ದರೂ ನನಗೂ ಹೊಳೆಯುತ್ತಿರಲಿಲ್ಲ.

ಸಂಜೆ ನಾನು ಮಕ್ಕಳ ಅಂಕಗಳ ಪಟ್ಟಿ ತೆರೆಯಲು ಹೋದರೆ ಅದು ತೆರೆಯಲಿಲ್ಲ. ಪ್ರತಿ ಕಡತದ ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕಕ್ಷರಗಳು ಅಂಟಿಕೊಂಡಿದ್ದವು. ಫೋಟೋಗಳೂ ಹಾಗೆಯೇ. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ ಬಿದ್ದಿತ್ತು. ‘ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ. ಕೀಲಿಕೈಗೆ 980 ಡಾಲರ್. 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ಬೆಲೆ’ ಎಂಬುದು ಅದರ ಸಾರಾಂಶ.

ಅಪಹರಣಕಾರರು ಮಗುವನ್ನು ಒಯ್ದು ಹಣ ಕೇಳುವಂತೆ, ಇದು ಕಡತಗಳನ್ನು ಒತ್ತೆ ಇಟ್ಟುಕೊಂಡು ಹಣ ಕೇಳುವ ‘ರ‍್ಯಾನ್ಸಮ್‌ವೇರ್’. ನಮಗೆ ತಗುಲಿದ್ದು ‘ಸ್ಟಾಪ್’ ಅಥವಾ ‘ಡಿಜೆವಿಯು’ ಎಂಬ ಜಾತಿಯದು. ಕದ್ದ ಸಾಫ್ಟ್‌ವೇರ್‌ಗಳ ಮೂಲಕವೇ ಅದು ಹೆಚ್ಚಾಗಿ ಮನೆಗಳ ಕಂಪ್ಯೂಟರುಗಳಿಗೆ ನುಗ್ಗುತ್ತಿತ್ತು ಎಂದು ಆಮೇಲೆ ತಿಳಿಯಿತು. ರಿಪೇರಿ ಅಂಗಡಿಯವರು ನೋಡಿ, ‘ಟೀಚರ್, ಎಲ್ಲ ಅಳಿಸಿ ಹೊಸದಾಗಿ ಹಾಕುವುದೊಂದೇ ದಾರಿ’ ಎಂದರು. ಉಮ್ಮ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಆ ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾವು ಹಣ ಕೊಡಲಿಲ್ಲ. ಕಳ್ಳನಿಗೆ ಹಣ ಕೊಟ್ಟರೆ ಕೀಲಿಕೈ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಏನು? ಕೊಟ್ಟ ಹಣ ಮುಂದಿನ ಮನೆಗೆ ಕನ್ನ ಹಾಕಲು ಬಂಡವಾಳವಾಗುತ್ತದೆ, ಅಷ್ಟೇ.

ಈ ವೈರಸ್ ಎಂದರೇನು?

ಜ್ವರ ಬರಿಸುವ ವೈರಸ್‌ಗೂ ಇದಕ್ಕೂ ಹೆಸರಿನ ಹೋಲಿಕೆ ಮಾತ್ರ. ಇದೂ ಒಂದು ಕಂಪ್ಯೂಟರ್ ಪ್ರೋಗ್ರಾಮ್. ಯಾರೋ ಕುಳಿತು ಬರೆದದ್ದು. ತನ್ನನ್ನು ತಾನೇ ನಕಲು ಮಾಡಿಕೊಂಡು ಒಂದು ಯಂತ್ರದಿಂದ ಇನ್ನೊಂದಕ್ಕೆ ಹಬ್ಬುವುದು ಅದರ ಗುಣ. ಪಿ.ಸಿ.ಗಳಲ್ಲಿ ಹಬ್ಬಿದ ಮೊದಲ ವೈರಸ್ ಎಂದು ಹೆಸರಾದ ‘ಬ್ರೇನ್’ ಹುಟ್ಟಿದ್ದು 1986ರಲ್ಲಿ, ಪಾಕಿಸ್ತಾನದ ಲಾಹೋರ್‌ನಲ್ಲಿ. ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು ಅದನ್ನು ಬರೆದರು. ತಾವು ತಯಾರಿಸಿದ ವೈದ್ಯಕೀಯ ಸಾಫ್ಟ್‌ವೇರನ್ನು ಜನ ಕದ್ದು ನಕಲು ಮಾಡದಿರಲಿ ಎಂಬುದೇ ಉದ್ದೇಶವಾಗಿತ್ತೆಂದು ಅವರು ಹೇಳಿದ್ದಾರೆ. ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಬರೆದಿಟ್ಟಿದ್ದರು! ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತಾ ಅದು ದೇಶದೇಶಗಳಿಗೆ ಹೋಯಿತು. ಬರೆದವರ ಕೈಯಿಂದ ಒಮ್ಮೆ ಜಾರಿದ ಮೇಲೆ ಅದನ್ನು ಹಿಂದಕ್ಕೆ ಕರೆಯಲು ಅವರಿಗೂ ಸಾಧ್ಯವಿರಲಿಲ್ಲ.

ಆಮೇಲೆ ಬಂದವರು ಹೆಸರು, ವಿಳಾಸ ಬರೆಯುವಷ್ಟು ಸರಳರಲ್ಲ. 2000ನೇ ಇಸವಿಯ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಒಂದು ಇ-ಮೇಲ್ ಹೊರಟಿತು. ತಲೆಬರಹ ‘ಐ ಲವ್ ಯೂ’. ಜೊತೆಗೊಂದು ಪ್ರೇಮಪತ್ರ ಲಗತ್ತಿಸಿತ್ತು. ನೋಡುವವರಿಗೆ ಅದು ಸಾಮಾನ್ಯ ಅಕ್ಷರಗಳ ಕಡತದಂತೆ ಕಾಣುತ್ತಿತ್ತು. ಕಾರಣ, ಹೆಸರಿನ ಕೊನೆಯ ತುಂಡನ್ನು ವಿಂಡೋಸ್ ತೋರಿಸುತ್ತಲೇ ಇರಲಿಲ್ಲ. ಆ ಮರೆಯಾದ ತುಂಡಿನಲ್ಲೇ ಗುಟ್ಟಿತ್ತು. ಅದು ಪತ್ರವಲ್ಲ, ಪ್ರೋಗ್ರಾಮ್. ತೆರೆದವರ ಫೋಟೋಗಳನ್ನು ಹಾಳುಗೆಡವಿ, ಅವರ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಅವರದೇ ಹೆಸರಿನಲ್ಲಿ ಅದೇ ಪತ್ರವನ್ನು ಕಳಿಸಿತು. ಪರಿಚಯದವರಿಂದ ಬಂದ ಪತ್ರವನ್ನು ಯಾರು ತೆರೆಯುವುದಿಲ್ಲ? ಅದನ್ನು ಬರೆದ ಯುವಕ ಪತ್ತೆಯಾದರೂ ಅಂದು ಆ ದೇಶದಲ್ಲಿ ಇಂಥದ್ದಕ್ಕೆ ಕಾನೂನೇ ಇರಲಿಲ್ಲವಾದ್ದರಿಂದ ಶಿಕ್ಷೆಯಾಗಲಿಲ್ಲ.

ಹಳೆಯ ಕಥೆ ಎನ್ನುತ್ತೀರಾ? ಈಗ ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಮದುವೆ ಆಮಂತ್ರಣ’ವನ್ನು ನೋಡಿ. ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂಬ ಮೂರಕ್ಷರಗಳಿದ್ದರೆ ಅದು ಆಮಂತ್ರಣವಲ್ಲ. ಅದು ಫೋನಿನೊಳಗೆ ಕೂರುವ ಆ್ಯಪ್. ಒಳಗೆ ಬಂದು ನಿಮ್ಮ ಎಸ್ಸೆಮ್ಮೆಸ್‌ಗಳನ್ನೂ ಒಟಿಪಿಗಳನ್ನೂ ಓದುತ್ತದೆ. ಬ್ಯಾಂಕಿನ ಹೆಸರಿನಲ್ಲಿ, ಸಾರಿಗೆ ಇಲಾಖೆಯ ದಂಡದ ಚಲನ್ ಹೆಸರಿನಲ್ಲಿ ಬರುವುದೂ ಇದೇ. ಆಮಂತ್ರಣ ಪತ್ರಿಕೆ ಚಿತ್ರವಾಗಿರುತ್ತದೆ, ಪಿಡಿಎಫ್ ಆಗಿರುತ್ತದೆ. ‘ಇನ್‌ಸ್ಟಾಲ್ ಮಾಡಿ’ ಎಂದು ಕೇಳುವ ಆಮಂತ್ರಣ ಲೋಕದಲ್ಲಿಲ್ಲ. ಕಳಿಸಿದವರು ನಿಮ್ಮ ನಾದಿನಿಯೇ ಆಗಿರಲಿ, ಮೊದಲು ಫೋನ್ ಮಾಡಿ ಕೇಳಿ. ಅವರ ಫೋನೇ ಕಳ್ಳರ ಕೈಗೆ ಸಿಕ್ಕಿರಬಹುದು.

ಅಪ್‌ಡೇಟ್ ಎಂಬ ಕಿರಿಕಿರಿ

ಕೆಲಸದ ನಡುವೆ ‘ಅಪ್‌ಡೇಟ್ ಮಾಡಿ’ ಎಂದು ಕಂಪ್ಯೂಟರ್ ಕೇಳಿದಾಗ ನಾವು ಮಾಡುವುದೇನು? ‘ಆಮೇಲೆ’ ಎಂದು ಒತ್ತುತ್ತೇವೆ. ಈ ‘ಆಮೇಲೆ’ಯ ಬೆಲೆ ಎಷ್ಟೆಂದು ತಿಳಿಯಬೇಕೇ?

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್‌ನಲ್ಲಿದ್ದ ಒಂದು ಬಿರುಕಿಗೆ ತೇಪೆ ಬಿಡುಗಡೆ ಮಾಡಿತು. ಸುಮಾರು ಎರಡು ತಿಂಗಳಾದ ಮೇಲೆ, ಮೇ 12ರಂದು, ಅದೇ ಬಿರುಕಿನಿಂದ ‘ವನ್ನಾಕ್ರೈ’ ಎಂಬ ರ‍್ಯಾನ್ಸಮ್‌ವೇರ್ ನುಗ್ಗಿತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು, ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಮಾರ್ಕಸ್ ಹಚಿನ್ಸ್ ಎಂಬ ಬ್ರಿಟಿಷ್ ಯುವಕ ಅದರೊಳಗೆ ಅಡಗಿದ್ದ ಒಂದು ವೆಬ್ ವಿಳಾಸವನ್ನು ನೋಂದಾಯಿಸಿದಾಗ ಅದರ ಹಬ್ಬುವಿಕೆ ನಿಂತಿತು. ಮಾರ್ಚ್‌ನಲ್ಲೇ ತೇಪೆ ಹಾಕಿಸಿಕೊಂಡವರ ಬಳಿಗೆ ಅದು ಆ ದಾರಿಯಿಂದ ಬರಲು ಆಗಲೇ ಇಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಸರಿಪಡಿಸಿದವರಿಗೂ, ಸೋರಿದ ಮೇಲೆ ಪಾತ್ರೆ ಇಡುವವರಿಗೂ ಇರುವ ವ್ಯತ್ಯಾಸ ಇದೇ.

ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಯಾವ ವಿಂಡೋಸ್ ಇದೆ ಎಂದು ಇಂದೇ ಮಕ್ಕಳಲ್ಲಿ ಕೇಳಿ. ವಿಂಡೋಸ್ 7ಕ್ಕೆ ಬರುತ್ತಿದ್ದ ತೇಪೆಗಳು 2020ರ ಜನವರಿ 14ಕ್ಕೆ ನಿಂತವು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗೆಂದು ಕಂಪ್ಯೂಟರ್ ಕೆಟ್ಟು ನಿಲ್ಲುವುದಿಲ್ಲ. ಹೊಸ ಬಿರುಕುಗಳಿಗೆ ತೇಪೆ ಬರುವುದಿಲ್ಲ, ಅಷ್ಟೇ. ಹೊಸದಕ್ಕೆ ಬದಲಾಯಿಸಲು ಆಗದಿದ್ದರೆ ಆ ಹಳೆಯ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರವನ್ನಾದರೂ ಮಾಡಬೇಡಿ.

ಇನ್ನು ಆಂಟಿವೈರಸ್. ವಿಂಡೋಸ್ 10 ಮತ್ತು 11ರಲ್ಲಿ ‘ಡಿಫೆಂಡರ್’ ಎಂಬ ಕಾವಲುಗಾರ ಮೊದಲೇ ಇದ್ದಾನೆ, ಸಂಬಳವಿಲ್ಲದೆ. ಮನೆಬಳಕೆಗೆ ಅವನು ಸಾಲುತ್ತಾನೆ. ಅವನನ್ನು ಆಫ್ ಮಾಡದಿದ್ದರೆ ಸಾಕು! ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ’ ಎಂದು ಪರದೆಯ ಮೇಲೆ ಕೆಂಪಕ್ಷರ ಬಂದರೆ ಕರೆ ಮಾಡಬೇಡಿ. ನಿಜವಾದ ಕಾವಲುಗಾರ ಫೋನ್ ನಂಬರ್ ಕೊಡುವುದಿಲ್ಲ. ಆ ಪುಟವನ್ನು ಮುಚ್ಚಿ. ಮುಚ್ಚಲಾಗದಿದ್ದರೆ ಕಂಪ್ಯೂಟರನ್ನೇ ಬಂದ್ ಮಾಡಿ. ಭಾರತ ಸರಕಾರದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ವೆಬ್‌ಸೈಟಿನಲ್ಲಿಯೂ ಕಂಪ್ಯೂಟರ್ ಶುಚಿಗೊಳಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ.

ಝೆರಾಕ್ಸ್ ಅಂಗಡಿಯಲ್ಲಿ ಬಿಟ್ಟುಬಂದ ಆಧಾರ್

ಸ್ಕಾಲರ್‌ಶಿಪ್ ಅರ್ಜಿಯ ಕಾಲದಲ್ಲಿ ಸೈಬರ್ ಅಂಗಡಿಗಳ ಮುಂದೆ ನಮ್ಮ ತಾಯಂದಿರ ಸಾಲು ನೋಡಿದ್ದೀರಲ್ಲ? ಆಧಾರ್, ಪಾಸ್‌ಬುಕ್, ಮಗುವಿನ ಫೋಟೋ ಎಲ್ಲವನ್ನೂ ಅಂಗಡಿಯವರ ವಾಟ್ಸ್‌ಆ್ಯಪ್‌ಗೆ ಕಳಿಸುತ್ತೇವೆ. ಪ್ರಿಂಟ್ ತೆಗೆದುಕೊಂಡು ಮನೆಗೆ ಬರುತ್ತೇವೆ. ಕಡತ ಮಾತ್ರ ಅಲ್ಲೇ ಉಳಿಯುತ್ತದೆ. ಅಂಗಡಿಯವರು ಪ್ರಾಮಾಣಿಕರೇ ಇರಬಹುದು. ಅವರ ಕಂಪ್ಯೂಟರಿಗೆ ದಿನಕ್ಕೆ ಎಷ್ಟು ಮಂದಿಯ ಪೆನ್‌ಡ್ರೈವ್ ಬಂದು ಹೋಗುತ್ತದೆ ಎಂದು ಲೆಕ್ಕ ಹಾಕಿ.

ಆದ್ದರಿಂದ ಕೆಲಸ ಮುಗಿದ ಮೇಲೆ, ‘ಅಣ್ಣಾ, ನಮ್ಮ ಕಡತ ಡಿಲೀಟ್ ಮಾಡಿ, ರೀಸೈಕಲ್ ಬಿನ್‌ನಿಂದಲೂ ತೆಗೆಯಿರಿ’ ಎಂದು ನಿಂತು ಹೇಳಿ. ಅದರಲ್ಲಿ ನಾಚಿಕೆಯೇನಿಲ್ಲ. ಅಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ ಲಾಗ್‌ಔಟ್ ಆಗಿ. ಮರೆತು ಬಂದಿದ್ದೀರಾ? ನಿಮ್ಮ ಫೋನಿನ ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ಎಂಬಲ್ಲಿ ನೋಡಿ, ಗುರುತಿಲ್ಲದ ಕಂಪ್ಯೂಟರ್ ಇದ್ದರೆ ತೆಗೆದುಹಾಕಿ. ಆಧಾರ್ ಕೊಡಬೇಕಾದ ಎಲ್ಲ ಕಡೆಯೂ 12 ಅಂಕಿಗಳನ್ನೂ ಕೊಡಬೇಕೆಂದಿಲ್ಲ. ಕೊನೆಯ 4 ಅಂಕಿಗಳು ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಅನ್ನು ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಬಹುದು. ಹೊರಗೆ ಹೋಗಿ ಬಂದ ಪೆನ್‌ಡ್ರೈವನ್ನು ಮನೆಯ ಕಂಪ್ಯೂಟರಿಗೆ ಹಾಕಿದೊಡನೆ ತೆರೆಯದೆ ಮೊದಲು ಸ್ಕ್ಯಾನ್ ಮಾಡಿ. ಪೇಟೆಯಿಂದ ಬಂದವರು ಕೈಕಾಲು ತೊಳೆದು ಒಳಗೆ ಬರುವುದಿಲ್ಲವೇ, ಹಾಗೆ.

ಹಳೆಯ ಕಂಪ್ಯೂಟರ್ ಅಥವಾ ಫೋನ್ ಮಾರುವಾಗಲೂ ಎಚ್ಚರ ಬೇಕು. ಡಿಲೀಟ್ ಮಾಡಿದ ಫೋಟೋ ಅಳಿಸಿಹೋಗಿರುವುದಿಲ್ಲ. ಅದರ ಹೆಸರು ಪಟ್ಟಿಯಿಂದ ಹೋಗಿರುತ್ತದೆ, ಅಷ್ಟೇ. ತಿಳಿದವರು ಅದನ್ನು ಮತ್ತೆ ತೆಗೆಯಬಲ್ಲರು. ಕಂಪ್ಯೂಟರ್ ಮಾರುವಾಗ ಹಾರ್ಡ್ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳುವುದು ಉತ್ತಮ. ಫೋನಾದರೆ ‘ಫ್ಯಾಕ್ಟರಿ ರೀಸೆಟ್’ ಮಾಡದೆ ಕೈಬಿಡಬೇಡಿ.

ಪಾಸ್‌ವರ್ಡ್ ಎಂಬ ಬೀಗದ ಕೈ

ಮಗುವಿನ ಹೆಸರು, ಅದರ ಮುಂದೆ 123. ನಮ್ಮಲ್ಲಿ ಮುಕ್ಕಾಲು ಮಂದಿಯ ಪಾಸ್‌ವರ್ಡ್ ಇದೇ ಅಲ್ಲವೇ? ಮತ್ತು ಇ-ಮೇಲ್, ಬ್ಯಾಂಕ್, ಫೇಸ್‌ಬುಕ್ ಎಲ್ಲದಕ್ಕೂ ಅದೊಂದೇ! ಮನೆಯ ಎಲ್ಲ ಬಾಗಿಲುಗಳಿಗೂ ಒಂದೇ ಕೀಲಿಕೈ ಇದ್ದಂತೆ ಇದು. ಒಂದು ಕಡೆ ಕದ್ದವನು ಎಲ್ಲ ಕಡೆಯೂ ಪ್ರಯತ್ನಿಸಿ ನೋಡುತ್ತಾನೆ.

ಉಪಾಯ ಸುಲಭ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಜೋಡಿಸಿ. ‘ಕೊಡೆ ಬದನೆ ರೈಲು ನವಿಲು’ ಎಂಬಂತೆ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ನಿಮಗೆ ನೆನಪಿರುತ್ತದೆ, ಕಳ್ಳನಿಗೆ ಊಹಿಸಲಾಗುವುದಿಲ್ಲ. (ನಾನು ಬರೆದದ್ದನ್ನೇ ಇಡಬೇಡಿ ಮತ್ತೆ!) ಮರೆತುಹೋಗುತ್ತದೆ ಎನ್ನುವವರು ಒಂದು ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿಡಿ. ದೂರದ ದೇಶದ ಕಳ್ಳನ ಕೈ ನಿಮ್ಮ ಕಪಾಟಿಗೆ ಎಟಕುವುದಿಲ್ಲ. ಇ-ಮೇಲ್‌ಗೂ ವಾಟ್ಸ್‌ಆ್ಯಪ್‌ಗೂ ‘ಟೂ ಸ್ಟೆಪ್ ವೆರಿಫಿಕೇಶನ್’ ಎಂಬ ಎರಡನೇ ಚಿಲಕವಿದೆ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಅಕೌಂಟ್’ ಎಂಬಲ್ಲಿ ಅದು ಸಿಗುತ್ತದೆ. ಆರಂಕಿಯ ಪಿನ್ ಇಟ್ಟುಕೊಳ್ಳಿ. ಆಮೇಲೆ ಒಟಿಪಿ ಕದ್ದವನಿಗೂ ಒಳಗೆ ಬರುವುದು ಕಷ್ಟ.

ಗಲ್ಫ್‌ನಲ್ಲಿ ಮನೆಯವರಿರುವ ಸಹೋದರಿಯರಿಗೆ ಒಂದು ವಿಶೇಷ ಮಾತು. ‘ಇದು ನನ್ನ ಹೊಸ ನಂಬರ್, ತುರ್ತಾಗಿ ಹಣ ಬೇಕು’ ಎಂದು ಯಜಮಾನರ ಫೋಟೋ ಹಾಕಿಕೊಂಡು ಸಂದೇಶ ಬರಬಹುದು. ಈಗ ಧ್ವನಿಯನ್ನೂ ಯಂತ್ರದಿಂದ ಅನುಕರಿಸಬಹುದು. ಆದ್ದರಿಂದ ಗಂಡ, ಹೆಂಡತಿ, ಮಕ್ಕಳು ಸೇರಿ ಒಂದು ಗುಟ್ಟಿನ ಪದ ನಿಶ್ಚಯಿಸಿಕೊಳ್ಳಿ. ಹಣದ ಮಾತು ಬಂದಾಗ ಆ ಪದ ಕೇಳಿ. ಹೇಳದಿದ್ದರೆ ಹಳೆಯ ನಂಬರಿಗೆ ಕರೆ ಮಾಡಿ.

ಹೆದರಿಸುವವರಿಗೆ ಹೆದರಬೇಡಿ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ನಮ್ಮ ಹೆಣ್ಣುಮಕ್ಕಳ ಫೋಟೋ.

2021ರ ಜುಲೈನಲ್ಲಿ, ಮತ್ತೆ 2022ರ ಜನವರಿ ಒಂದರಂದು, ಮುಸ್ಲಿಂ ಮಹಿಳೆಯರ ಫೋಟೋಗಳನ್ನು ಸಾಮಾಜಿಕ ಜಾಲತಾಣಗಳಿಂದ ಕದ್ದು ಆ್ಯಪ್‌ಗಳಲ್ಲಿ ‘ಹರಾಜಿ’ಗಿಟ್ಟ ನೀಚ ಕೃತ್ಯ ನಡೆದದ್ದು ನಿಮಗೆ ನೆನಪಿರಬಹುದು. ಪತ್ರಕರ್ತೆಯರು, ಪೈಲಟ್ ಹೀಗೆ ಹಲವರ ಚಿತ್ರಗಳು ಅದರಲ್ಲಿದ್ದವು. ಆ ಸಹೋದರಿಯರು ಮುಖ ಮುಚ್ಚಿಕೊಂಡು ಮೂಲೆ ಸೇರಲಿಲ್ಲ. ದೂರು ಕೊಟ್ಟರು. ಎರಡನೆಯ ಪ್ರಕರಣದಲ್ಲಿ ಕೆಲವೇ ದಿನಗಳಲ್ಲಿ ಬಂಧನಗಳಾದವು. ಬಂಧಿತರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ವಿದ್ಯಾರ್ಥಿಯೂ ಇದ್ದ.

ಯಾರಾದರೂ ನಿಮ್ಮ ಮಗಳ ಫೋಟೋ ತಿರುಚಿ ‘ಹಣ ಕೊಡು, ಇಲ್ಲದಿದ್ದರೆ ಎಲ್ಲರಿಗೂ ಕಳಿಸುತ್ತೇನೆ’ ಎಂದು ಹೆದರಿಸಿದರೆ ಅವಳು ಮೊದಲು ಯಾರ ಬಳಿಗೆ ಓಡಿ ಬರಬೇಕು? ನಿಮ್ಮ ಬಳಿಗೆ ತಾನೇ? ಆದರೆ ‘ಉಮ್ಮ ಬೈಯುತ್ತಾರೆ, ಓದು ನಿಲ್ಲಿಸುತ್ತಾರೆ’ ಎಂಬ ಭಯವಿದ್ದರೆ ಅವಳು ಬರುವುದಿಲ್ಲ. ಕಳ್ಳ ಬೇಟೆಯಾಡುವುದು ಈ ಭಯದ ಮೇಲೆಯೇ. ನನ್ನ ತರಗತಿಯ ಮಕ್ಕಳಲ್ಲಿ ನಾನಿದನ್ನು ಕಂಡಿದ್ದೇನೆ. ಮನೆಯಲ್ಲಿ ಇಂದೇ ಹೇಳಿಬಿಡಿ: ‘ಏನೇ ಆದರೂ ಮೊದಲು ನನಗೆ ಹೇಳು, ನಾನು ಸಿಟ್ಟಾಗುವುದಿಲ್ಲ.’ ಈ ಒಂದು ವಾಕ್ಯದಷ್ಟು ಬಲವಾದ ಆಂಟಿವೈರಸ್ ಇನ್ನೊಂದಿಲ್ಲ.

ಹಾಗೇನಾದರೂ ಆದರೆ ಸಂದೇಶಗಳನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಡಿ, ಅದೇ ಸಾಕ್ಷ್ಯ. ಹಣ ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಮಹಿಳೆಯರ ಮತ್ತು ಮಕ್ಕಳ ಮೇಲಿನ ಇಂಥ ಅಪರಾಧಗಳಿಗೆ ಹೆಸರು ಹೇಳದೆಯೂ ಅಲ್ಲಿ ದೂರು ಕೊಡಬಹುದು. ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಗುರುತನ್ನು ಕದ್ದು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷಗಳವರೆಗೆ ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ.

ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ತಡ ಮಾಡಬೇಡಿ. ಹಣ ಖಾತೆಯಿಂದ ಖಾತೆಗೆ ಜಿಗಿಯುತ್ತಾ ಹೋಗುತ್ತದೆ. ಅದು ಕೈಬದಲಾಗುವ ಮುಂಚೆ ತಿಳಿಸಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕೂಡಲೇ ಬ್ಯಾಂಕಿಗೂ ತಿಳಿಸಿ. ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ’ ಎಂದು ಪೊಲೀಸ್ ವೇಷದವರು ವೀಡಿಯೋ ಕರೆ ಮಾಡಿದರೆ ಕರೆ ಕತ್ತರಿಸಿ. ನಮ್ಮ ಯಾವ ಕಾನೂನಿನಲ್ಲಿಯೂ ಅಂಥ ಬಂಧನವಿಲ್ಲ. ಹಣ ಪಡೆಯಲು ಯುಪಿಐ ಪಿನ್ ಬೇಕಾಗಿಯೇ ಇಲ್ಲ ಎಂಬುದನ್ನೂ ಮನೆಯ ಹಿರಿಯರಿಗೆ ಮತ್ತೆ ಮತ್ತೆ ಹೇಳಿ.

ನಮಗೆ ಉಳಿದದ್ದು

ನಮ್ಮ ಮನೆಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಫೋಟೋಗಳು ಹೋದವು. ಕೆಲವು ರ‍್ಯಾನ್ಸಮ್‌ವೇರ್‌ಗಳ ಕೀಲಿಕೈ ಪತ್ತೆಯಾದಾಗ ಅದನ್ನು ಉಚಿತವಾಗಿ ಕೊಡುವ ‘ನೋ ಮೋರ್ ರ‍್ಯಾನ್ಸಮ್’ ಎಂಬ ವೆಬ್‌ಸೈಟ್ ಇದೆ. ಯುರೋಪಿನ ಪೊಲೀಸರೂ ಭದ್ರತಾ ಸಂಸ್ಥೆಗಳೂ ಸೇರಿ 2016ರಲ್ಲಿ ಆರಂಭಿಸಿದ್ದು. ನಮ್ಮ ಬೀಗಕ್ಕೆ ಅಲ್ಲಿನ ಕೀಲಿಕೈ ಹೊಂದಲಿಲ್ಲ. ಆದರೂ ಆ ಹಾರ್ಡ್ ಡಿಸ್ಕನ್ನು ನಾನು ಎಸೆದಿಲ್ಲ. ಇಂದಲ್ಲ ನಾಳೆ ಕೀಲಿಕೈ ಸಿಗಬಹುದೆಂಬ ಆಸೆ.

ಒಂದು ವಾರದ ಬಳಿಕ ಶಾರ್ಜಾದಲ್ಲಿರುವ ತಂಗಿಗೆ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಾಳು, ನನ್ನಲ್ಲಿ ಒಂದಿದೆ’ ಎಂದಳು. ಅವಳು ಮದುವೆಯಾಗಿ ಹೋದ ಹೊಸತರಲ್ಲಿ ಮೀನುಸಾರಿನ ವಿಧಾನ ಕೇಳಿದ್ದಳಂತೆ. ಬರೆಯಲು ಬಾರದ ಉಮ್ಮ ಅದನ್ನು ಬಾಯಲ್ಲೇ ಹೇಳಿ ಕಳಿಸಿದ್ದರು. ಒಟ್ಟು ನಾಲ್ಕು ನಿಮಿಷದ ಧ್ವನಿ. ನಮ್ಮ ಕಂಪ್ಯೂಟರಿನಲ್ಲಿದ್ದ ಅದರ ಪ್ರತಿ ಹೋಗಿತ್ತು. ತಂಗಿಯ ಫೋನಿನಲ್ಲಿ ಇತ್ತು. ಎರಡು ಕಡೆ ಇದ್ದದ್ದರಿಂದ ಉಳಿಯಿತು.

ಬ್ಯಾಕಪ್ ಎಂದರೆ ಇಷ್ಟೇ, ಸಹೋದರಿಯರೇ. ತಿಳಿದವರು ‘ಮೂರು, ಎರಡು, ಒಂದು’ ಎಂಬ ಲೆಕ್ಕ ಹೇಳುತ್ತಾರೆ. ಮುಖ್ಯ ಕಡತದ ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಮನೆಯಿಂದ ಹೊರಗಿರಲಿ. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಬೇರೆ ಊರಿನ ಅಕ್ಕನ ಮನೆಯಲ್ಲೋ ಗೂಗಲ್ ಡ್ರೈವ್‌ನಂಥ ಕಡೆಯೋ ಇನ್ನೊಂದು. ನಕಲು ಮಾಡಿದ ಮೇಲೆ ಹಾರ್ಡ್ ಡಿಸ್ಕಿನ ತಂತಿಯನ್ನು ಕಿತ್ತಿಡಿ. ಚುಚ್ಚಿಯೇ ಇಟ್ಟರೆ ಬೀಗ ಹಾಕುವ ಕಳ್ಳ ಅದಕ್ಕೂ ಬೀಗ ಹಾಕುತ್ತಾನೆ.

ಅಕ್ಕನ ಮಗ ಈಗ ಇಂಜಿನಿಯರ್. ಊರಿಗೆ ಬಂದಾಗಲೆಲ್ಲ ಕೇಳುವ ಮೊದಲ ಪ್ರಶ್ನೆ, ‘ಚಿಕ್ಕಮ್ಮಾ, ಈ ತಿಂಗಳ ಕಾಪಿ ಆಯಿತಾ?’ ಆಯಿತು ಎಂದು ಹಾರ್ಡ್ ಡಿಸ್ಕ್ ತೋರಿಸಿದ ಮೇಲೆಯೇ ಅವನಿಗೆ ಸಮಾಧಾನ. ತಿಂಗಳ ಕೊನೆಯ ಭಾನುವಾರ ನಾನು ತಪ್ಪದೆ ಆ ಕೆಲಸ ಮಾಡುತ್ತೇನೆ. ಮುಗಿದ ಮೇಲೆ ಎಲ್ಲ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಒಂದು ಕಡತ ತೆರೆದು ನೋಡಬೇಕು. ನಾನು ಪ್ರತಿಸಲವೂ ತೆರೆಯುವುದು ಅದೇ ನಾಲ್ಕು ನಿಮಿಷವನ್ನು. ‘ಹುಳಿ ಮೊದಲೇ ಹಾಕಬೇಡ ಮಗಾ, ಕುದಿ ಬರಲಿ’ ಎನ್ನುತ್ತಾರೆ ಉಮ್ಮ.

ನಿಮ್ಮ ಮನೆಯಲ್ಲಿಯೂ ಅಂಥದ್ದೊಂದು ಧ್ವನಿ, ಒಂದು ಫೋಟೋ ಇರುತ್ತದೆ. ಇಂದು ರಾತ್ರಿ ಹಿಂಬಾಗಿಲಿನ ಚಿಲಕ ಎಳೆದು ನೋಡಿದ ಮೇಲೆ ಅದರ ಇನ್ನೊಂದು ಪ್ರತಿ ಮಾಡಿಟ್ಟು ಮಲಗಿ.